ಕ್ರಿಸ್ಮಸ್ ಗೀತೆಗಳಲ್ಲಿ ಗೋದಲಿಯ ಅರ್ಥವೇನು?

ಪ್ರಶ್ನೆ: ಗಾಯನ ತಂಡದ ಸದಸ್ಯೆ, ಬೀದರ್

ಎಲ್ಲರಿಗೂ ವಂದನೆಗಳು. ನಾನು ಬೀದರ್‌ನ ಒಂದು ಮೆಥೋಡಿಸ್ಟ್ ಸಭೆಯ ಗಾಯನ ತಂಡದಲ್ಲಿ ಹಾಡುತ್ತೇನೆ. ಈ ವರ್ಷ ಕ್ರಿಸ್ಮಸ್ ಮುನ್ನಾದಿನದ ಆರಾಧನೆಗೆ ಹಾಡುಗಳನ್ನು ಆರಿಸಿ, ಪ್ರತಿಯೊಂದಕ್ಕೂ ಮೊದಲು ಓದಲು ನಾಲ್ಕು ಸಾಲಿನ ಪೀಠಿಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಾಡುಗಳನ್ನೆಲ್ಲ ಎದುರಿಗಿಟ್ಟುಕೊಂಡು ಓದಿದಾಗ, ಇಷ್ಟು ವರ್ಷ ಹಾಡುವಾಗ ಹೊಳೆಯದಿದ್ದ ತೊಡಕೊಂದು ಎದುರಾಯಿತು. ಕೆಲವು ಹಾಡುಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಅರಸ, ಮಹಿಮೆ, ದೂತರ ಸೈನ್ಯ. ಇನ್ನು ಕೆಲವುಗಳಲ್ಲಿ ಗೋದಲಿ (ಕೂಸು ಯೇಸುವನ್ನು ಮಲಗಿಸಿದ, ದನಗಳ ಮೇವಿನ ತೊಟ್ಟಿ), ಒಣಹುಲ್ಲು, ಚಳಿ, ಬಡತನ, ಜೋಗುಳ. ನಾವು ಎರಡನ್ನೂ ಒಂದೇ ಸಂಜೆ, ಒಂದೇ ಉತ್ಸಾಹದಿಂದ ಹಾಡುತ್ತೇವೆ.

ನನ್ನ ಪ್ರಶ್ನೆ ಇದು. ಈ ಬಡತನ ಹಾಡಿನಲ್ಲಿ ಮಾಡುವ ಕೆಲಸವೇನು? ನಮ್ಮ ಜನಪದ ಕಥೆಗಳಲ್ಲಿ ರಾಜಕುಮಾರನು ಅಡವಿಯಲ್ಲಿ ಹುಟ್ಟಿ, ಕುರಿ ಕಾಯ್ದು, ಕೊನೆಗೆ ಸಿಂಹಾಸನ ಪಡೆಯುತ್ತಾನೆ. ಅಲ್ಲಿ ಬಡತನವು ಮುಂದೆ ಬರುವ ವೈಭವ ಎದ್ದು ಕಾಣಲೆಂದು ಇಟ್ಟ ಕಪ್ಪು ಹಿನ್ನೆಲೆ ಮಾತ್ರ. ಗೋದಲಿಯೂ ಹಾಗೆಯೇ ಮರೆತುಬಿಡಬಹುದಾದ ಮೊದಲ ಅಧ್ಯಾಯವೇ? ಅಥವಾ ದೇವರು ಎಂಥವನು ಎಂಬುದನ್ನೇ ಅದು ಹೇಳುತ್ತದೆಯೇ? ನಮ್ಮ ಸಭೆಯ ಹಿರಿಯರಿಗೆ ಗೋದಲಿಯ ಹಾಡು ಬಂದರೆ ಕಣ್ಣು ತುಂಬುತ್ತದೆ. ಯುವಕರು ಮಾತ್ರ, "ಎಷ್ಟು ದಿನ ಬಡತನದ ಹಾಡು ಹಾಡುವುದು, ಜಯದ ಹಾಡುಗಳನ್ನು ಹಾಡೋಣ" ಎನ್ನುತ್ತಾರೆ. ಯಾವುದಾದರೂ ಒಂದು ಪಕ್ಷ ಹಿಡಿಯುವ ಮೊದಲು ವಿಷಯವನ್ನು ಸರಿಯಾಗಿ ತಿಳಿಯಬೇಕೆಂದಿದ್ದೇನೆ. ತಿಳಿದವರು ಹಾಡುಗಳನ್ನೇ ಉದಾಹರಿಸಿ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಸಭಾಪಾಲಕ, ಯಾದಗಿರಿ

ಸಹೋದರಿಯವರಿಗೆ ವಂದನೆಗಳು. ರಾಜಕುಮಾರನ ಕಥೆಯನ್ನು ನೀವೇ ಮುಂದಿಟ್ಟದ್ದು ಒಳ್ಳೆಯದಾಯಿತು, ಏಕೆಂದರೆ ಆ ಕಥೆಗೂ ಕ್ರಿಸ್ತಜನನಕ್ಕೂ ಇರುವ ವ್ಯತ್ಯಾಸದಲ್ಲಿಯೇ ನಿಮ್ಮ ಪ್ರಶ್ನೆಗೆ ಉತ್ತರವಿದೆ.

ಮೊದಲು ಈ ಹಾಡುಗಳಿಗಿಂತ ಹಳೆಯದಾದ, ಬೈಬಲಿನಲ್ಲಿರುವ ಒಂದು ಹಾಡನ್ನು ನೋಡೋಣ. ಅಪೊಸ್ತಲನಾದ ಪೌಲನು ಫಿಲಿಪ್ಪಿಯ ಸಭೆಯವರಿಗೆ ಬರೆದ ಪತ್ರದ 2ನೇ ಅಧ್ಯಾಯದ 6ರಿಂದ 11ನೇ ವಚನಗಳು ಪೌಲನಿಗಿಂತ ಮೊದಲೇ ಸಭೆಗಳಲ್ಲಿ ಬಳಕೆಯಲ್ಲಿದ್ದ ಗೀತೆಯಿರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಕ್ರಿಸ್ತನು ದೇವಸ್ವರೂಪನಾಗಿದ್ದರೂ ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿದನು, ಮರಣದವರೆಗೆ ತಗ್ಗಿದನು ಎಂದು ಅದು ಹೇಳುತ್ತದೆ. ಅಲ್ಲಿಂದ 9ನೇ ವಚನಕ್ಕೆ ಬಂದಾಗ, ಈ ಕಾರಣದಿಂದಲೇ ದೇವರು ಅವನನ್ನು ಅತ್ಯುನ್ನತ ಸ್ಥಾನಕ್ಕೇರಿಸಿದನು ಎಂಬ ಮಾತು ಬರುತ್ತದೆ. ತಗ್ಗಿದ್ದರೂ ಏರಿದನು ಎಂದು ಅಲ್ಲಿ ಬರೆದಿಲ್ಲ. ತಗ್ಗಿದ್ದರಿಂದ ಏರಿದನು ಎಂದು ಬರೆದಿದೆ. ಕಥೆಯ ರಾಜಕುಮಾರನು ಅರಮನೆಗೆ ಬಂದ ದಿನ ಕಂಬಳಿಯನ್ನು ಕಿತ್ತೊಗೆಯುತ್ತಾನೆ. ಕ್ರಿಸ್ತನು ಮೈಗೂಡಿಸಿಕೊಂಡ ಮನುಷ್ಯತ್ವವನ್ನು ಕಿತ್ತೊಗೆಯಲಿಲ್ಲ; ಪುನರುತ್ಥಾನದ ನಂತರವೂ ಶಿಷ್ಯನಾದ ತೋಮನಿಗೆ ಗಾಯದ ಕೈಗಳನ್ನೇ ತೋರಿಸಿದನು. ಆದ್ದರಿಂದ ಗೋದಲಿಯು ದಾಟಿ ಬಂದುಬಿಟ್ಟ ಮೊದಲ ಅಧ್ಯಾಯವಲ್ಲ.

ನೀವು ಮೆಥೋಡಿಸ್ಟ್ ಸಭೆಯವರಾದ್ದರಿಂದ, ಆ ಚಳವಳಿಯನ್ನು ಆರಂಭಿಸಿದವರಲ್ಲಿ ಒಬ್ಬರಾದ ಚಾರ್ಲ್ಸ್ ವೆಸ್ಲಿಯವರನ್ನು ನೆನೆಯದೆ ಇರಲಾಗದು. ಆರು ಸಾವಿರಕ್ಕೂ ಹೆಚ್ಚು ಗೀತೆಗಳನ್ನು ಬರೆದ ಈ ಮನುಷ್ಯ 1745ರಲ್ಲಿ ಕೇವಲ ಕ್ರಿಸ್ತಜನನದ ಹದಿನೆಂಟು ಗೀತೆಗಳ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದರು. ಅದರಲ್ಲಿ ಹುಲ್ಲು, ದನ, ಚಳಿಗಳ ಚಿತ್ರಣಕ್ಕಿಂತ ಹೆಚ್ಚಾಗಿ ಬೆರಗಿದೆ. ನಮ್ಮ ದೇವರು ಒಂದು ಗೇಣಿಗೆ ಕುಗ್ಗಿದನು, ಬುದ್ಧಿಗೆ ನಿಲುಕದ ರೀತಿಯಲ್ಲಿ ಮನುಷ್ಯನಾದನು ಎಂದು ಒಂದು ಗೀತೆ ಹೇಳಿದರೆ, ಇರುವುದೆಲ್ಲಕ್ಕೂ ಮೂಲವಾದವನು ಈಗ ಇರಲಾರಂಭಿಸುತ್ತಾನೆ ಎಂದು ಇನ್ನೊಂದು ಹೇಳುತ್ತದೆ. ವೆಸ್ಲಿಯವರಿಗೆ ದೀನತೆಯೆಂದರೆ ಮೊದಲು ಕೈಯಲ್ಲಿ ಹಣವಿಲ್ಲದ ಸ್ಥಿತಿಯಲ್ಲ. ಅನಂತನು ಗೇಣುದ್ದದ ಕೂಸಾಗಿ ಹುಟ್ಟಿದ್ದೇ ದೀನತೆ. ಅವನು ಅರಮನೆಯ ಚಿನ್ನದ ತೊಟ್ಟಿಲಿನಲ್ಲಿ ಹುಟ್ಟಿದ್ದರೂ ಆ ಇಳಿತ ಅಷ್ಟೇ ಆಳವಾಗಿರುತ್ತಿತ್ತು.

ನಾವೆಲ್ಲ ಬಲ್ಲ, ದೂತರು ಘೋಷಿಸುವ ಅವರ ಪ್ರಸಿದ್ಧ ಗೀತೆ 1739ರದು. ಇಂದು ನಾವು ಹಾಡುವ ಮೊದಲ ಸಾಲು ಅವರದಲ್ಲ. 1753ರಲ್ಲಿ ಬೋಧಕ ಜಾರ್ಜ್ ವೈಟ್‌ಫೀಲ್ಡ್ ಅದನ್ನು ತಿದ್ದಿದರು. ಮೂಲದಲ್ಲಿ ರಾಜಾಧಿರಾಜನಿಗೆ ಮಹಿಮೆ ಎಂದಿದ್ದುದು, ತಿದ್ದಿದ ಮೇಲೆ ಈಗ ತಾನೇ ಹುಟ್ಟಿದ ಅರಸನಿಗೆ ಮಹಿಮೆ ಎಂದಾಯಿತು. ರಾಗವಂತೂ ಜರ್ಮನಿಯ ಸಂಗೀತ ರಚನೆಕಾರ ಮೆಂಡೆಲ್ಸನ್ 1840ರಲ್ಲಿ ಅಚ್ಚುಕಲೆಯ ಉತ್ಸವವೊಂದಕ್ಕಾಗಿ ಮಾಡಿದ್ದ ಸಂಗೀತದಿಂದ ಬಂದದ್ದು. ಹೀಗೆ ನಾಲ್ಕಾರು ಕೈ ಬದಲಾದರೂ ಹಾಡಿನ ಎಲುಬು ಉಳಿದಿದೆ: ಮಧ್ಯದ ಚರಣದಲ್ಲಿ ದೈವತ್ವವು ಮಾಂಸದ ಮುಸುಕಿನಲ್ಲಿ ಕಾಣುತ್ತದೆ, ಕೊನೆಯ ಚರಣದಲ್ಲಿ ಅವನು ಸೌಮ್ಯನಾಗಿ ಮಹಿಮೆಯನ್ನು ಬದಿಗಿಡುತ್ತಾನೆ. ಯುವಕರು ಕೇಳುವ ಜಯ, ಹಿರಿಯರು ಬಯಸುವ ದೀನತೆ ಎರಡೂ ಒಂದೇ ಹಾಡಿನಲ್ಲಿವೆ. ಸಮಯ ಉಳಿಸಲು ಮಧ್ಯದ ಚರಣವನ್ನು ಬಿಟ್ಟು ಹಾಡುವ ರೂಢಿ ನಮ್ಮಲ್ಲಿ ಕೆಲವು ಕಡೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನು ಗೋದಲಿಯ ವಿಷಯ. ಲೂಕನು ತನ್ನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಗೋದಲಿಯನ್ನು ಮೂರು ಸಲ ಹೆಸರಿಸುತ್ತಾನೆ, ಆದರೆ ಕೊಟ್ಟಿಗೆಯನ್ನಾಗಲಿ, ಎತ್ತು ಕತ್ತೆಗಳನ್ನಾಗಲಿ ಒಂದು ಸಲವೂ ಹೇಳುವುದಿಲ್ಲ. ಆ ಪ್ರಾಣಿಗಳು ಯೆಶಾಯನ ಗ್ರಂಥದ 1:3ರಿಂದ ನಮ್ಮ ಹಾಡುಗಳಿಗೆ ಬಂದವು. ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಯಜಮಾನನ ಗೋದಲಿಯನ್ನೂ ಬಲ್ಲವು, ನನ್ನ ಜನರಾದರೋ ಅರಿಯರು ಎಂಬ ಗದರಿಕೆಯ ಮಾತು ಅದು. ಪಾಲೆಸ್ತೀನದ ಬಡವರ ಮನೆಗಳಲ್ಲಿ ದನ ಕಟ್ಟುವ ಜಾಗ ಮನೆಯೊಳಗೇ ಇರುತ್ತಿತ್ತೆಂದು, ಆದ್ದರಿಂದ ಕೂಸು ಹುಟ್ಟಿದ್ದು ಊರ ಹೊರಗಿನ ಒಂಟಿ ಕೊಟ್ಟಿಗೆಯಲ್ಲಲ್ಲ, ಜನರಿಂದ ತುಂಬಿದ ಸಾಮಾನ್ಯ ಮನೆಯಲ್ಲಿ ಎಂದು ವಾದಿಸುವವರಿದ್ದಾರೆ. ನಮ್ಮ ಭಾಗದ ಹಳ್ಳಿಗಳ ಹಳೆಯ ಕಲ್ಲುಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನಗಳು, ಮೇಲಿನ ಕಟ್ಟೆಯ ಮೇಲೆ ಮನುಷ್ಯರು ಇರುವುದನ್ನು ಕಂಡವರಿಗೆ ಈ ವಾದ ವಿಚಿತ್ರವೆನಿಸದು. ಹಾಗಿದ್ದರೆ ಹಾಡುಗಳು ಹೇಳುವ ತಿರಸ್ಕಾರದ ಕಥೆ ಸ್ವಲ್ಪ ಹಗುರವಾಗುತ್ತದೆ, ಆದರೆ ದೀನತೆ ಕಡಿಮೆಯಾಗುವುದಿಲ್ಲ.

ಕುರುಬರಿಗೆ ದೂತನು ಕೊಟ್ಟ ಗುರುತನ್ನು ಗಮನಿಸಿ: ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕೂಸು. ರಾತ್ರಿಯಿಡೀ ಹೊಲದಲ್ಲಿ ಕುರಿ ಕಾಯುವವರು ಅರಮನೆಯ ಬಾಗಿಲಿಗೆ ಹೋಗಿ ಕೂಸು ತೋರಿಸಿರೆಂದು ಕೇಳಲಾರರು. ಗೋದಲಿಯಿರುವ ಮನೆಗೆ ಯಾರ ಅಪ್ಪಣೆಯೂ ಇಲ್ಲದೆ ಹೋಗಬಲ್ಲರು. ಯಾದಗಿರಿಯ ಸುತ್ತಮುತ್ತ ಡಿಸೆಂಬರಿನ ಚಳಿಯಲ್ಲಿ ಹೊಲದಲ್ಲಿ ಕುರಿ ತರುಬಿಕೊಂಡು ಮಲಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನು ತಗ್ಗಿನಲ್ಲಿ ಹುಟ್ಟಿದ್ದು ತಗ್ಗಿನಲ್ಲಿರುವವರ ಕೈಗೆ ಸಿಗಲೆಂದು. ನಿಮ್ಮ ಪೀಠಿಕೆಗಳಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ.

ಉತ್ತರ: ಶಿಕ್ಷಕಿ, ಕಲಬುರಗಿ

ಸಭಾಪಾಲಕರ ಉತ್ತರಕ್ಕೆ ಕಥೋಲಿಕ ಪರಂಪರೆಯಿಂದ ಸ್ವಲ್ಪ ಸೇರಿಸುತ್ತೇನೆ. ಈ ಬೆರಗು ವೆಸ್ಲಿಯವರ ಕಾಲಕ್ಕೆ ಹುಟ್ಟಿದ್ದಲ್ಲ. 4ನೇ ಶತಮಾನದಲ್ಲಿ ಮಿಲಾನಿನ ಬಿಷಪ್ ಸಂತ ಆಂಬ್ರೋಸ್ ರಚಿಸಿದ ಲತೀನ್ ಗೀತೆಯಲ್ಲಿ ಗೋದಲಿಯೇ ಬೆಳಗುತ್ತದೆ, ರಾತ್ರಿಯು ಹೊಸ ಬೆಳಕನ್ನು ಉಸಿರುತ್ತದೆ. ಮುಂದಿನ ಶತಮಾನದ ಸೆಡೂಲಿಯಸ್ ಬರೆದ ಇನ್ನೊಂದು ಲತೀನ್ ಗೀತೆಯ ಒಂದು ಚರಣ ನನಗೆ ಎಲ್ಲಕ್ಕಿಂತ ಪ್ರಿಯ: ಅವನು ಹುಲ್ಲಿನ ಮೇಲೆ ಮಲಗುವುದನ್ನು ಸಹಿಸಿದನು, ಗೋದಲಿಗೆ ಹೇಸಲಿಲ್ಲ, ಒಂದು ಹಕ್ಕಿಯನ್ನೂ ಹಸಿಯಗೊಡದವನು ತುಸು ಹಾಲಿನಿಂದ ತಾನು ಪೋಷಿತನಾದನು. ಎಲ್ಲರಿಗೂ ಉಣಿಸುವವನು ಒಬ್ಬ ಹುಡುಗಿಯ ಎದೆಹಾಲಿಗೆ ಕಾಯುತ್ತಾನೆ ಎಂಬುದಕ್ಕಿಂತ ಹೆಚ್ಚಿನ ವ್ಯಾಖ್ಯಾನ ದೀನತೆಗೆ ಬೇಕೆಂದು ನನಗೆ ಅನ್ನಿಸುವುದಿಲ್ಲ. ಇಲ್ಲಿ ಬಡತನಕ್ಕಿಂತಲೂ ಅವಲಂಬನೆ ಮುಖ್ಯ. ದೇವರು ಮನುಷ್ಯರ ಆರೈಕೆಗೆ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ.

ಮಾರ್ಟಿನ್ ಲೂಥರ್ ಕೂಡ ಇದೇ ದಾರಿಯವರು. ಅವರ 1535ರ ಕ್ರಿಸ್ಮಸ್ ಗೀತೆಯಲ್ಲಿ, ಸಕಲವನ್ನೂ ಸೃಷ್ಟಿಸಿದವನೇ, ಎತ್ತು ಕತ್ತೆ ಮೇಯ್ದ ಒಣಹುಲ್ಲಿನ ಮೇಲೆ ಮಲಗುವಷ್ಟು ಸಣ್ಣವನಾದೆಯಾ ಎಂದು ಕೇಳಿ, ಈ ಲೋಕ ಇನ್ನೂ ಎಷ್ಟೋ ಪಾಲು ದೊಡ್ಡದಾಗಿ ಚಿನ್ನರತ್ನಗಳಿಂದ ತುಂಬಿದ್ದರೂ ನಿನಗೆ ತೊಟ್ಟಿಲಾಗಲು ಇಕ್ಕಟ್ಟಾಗುತ್ತಿತ್ತು ಎನ್ನುತ್ತಾರೆ. ಅರಮನೆಗೂ ಕೊಟ್ಟಿಗೆಗೂ ಇರುವ ಅಂತರ ಆ ದೃಷ್ಟಿಯಲ್ಲಿ ಬಹಳ ಚಿಕ್ಕದು.

ನಾವು ಚರ್ಚುಗಳಲ್ಲಿ ಗೋದಲಿ ಕಟ್ಟುವ ರೂಢಿಗೆ ಹೆಚ್ಚಿನ ಪ್ರೇರಣೆ ಬಂದದ್ದು ಅಸ್ಸೀಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೇಚ್ಚೊ ಎಂಬಲ್ಲಿ ಮಾಡಿದ ಆಚರಣೆಯಿಂದ. ಅವರು ಹುಲ್ಲು ತುಂಬಿದ ಗೋದಲಿಯನ್ನೂ ಜೀವಂತ ಎತ್ತು ಕತ್ತೆಗಳನ್ನೂ ತರಿಸಿದ್ದು ಅಲಂಕಾರಕ್ಕಲ್ಲ. ಕೂಸಿಗೆ ಬೇಕಾದುದೆಲ್ಲ ಇಲ್ಲದೆ ಹೋದ ಕಷ್ಟವನ್ನು ಕಣ್ಣಾರೆ ಕಾಣಬೇಕೆಂದು. ಇಂದು ನಮ್ಮ ಗೋದಲಿಗಳಲ್ಲಿ ಮಿನುಗುವ ಸೀರಿಯಲ್ ಬಲ್ಬುಗಳ ಬಗ್ಗೆ ಫ್ರಾನ್ಸಿಸ್ ಏನೆನ್ನುತ್ತಿದ್ದರೋ!

ಉತ್ತರ: ಒಬ್ಬ ಓದುಗ, ಹುಮನಾಬಾದ್

ಮೇಲಿನ ಇಬ್ಬರೂ ಹಿರಿಯರ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಆಕ್ಷೇಪ ಎತ್ತುತ್ತೇನೆ. ದೀನತೆಯನ್ನು ದೈವಶಾಸ್ತ್ರದ ಎತ್ತರಕ್ಕೆ ಏರಿಸಿದಷ್ಟೂ ನಿಜವಾದ ಬಡತನ ಕಣ್ಣಿಗೆ ಮರೆಯಾಗುತ್ತದೆ. ಅರಮನೆಯಲ್ಲಿ ಹುಟ್ಟಿದ್ದರೂ ಅಷ್ಟೇ ದೀನತೆ ಎಂದು ಸಭಾಪಾಲಕರು ಹೇಳಿದರು. ಆದರೆ ಅವನು ಅರಮನೆಯಲ್ಲಿ ಹುಟ್ಟಲಿಲ್ಲವಲ್ಲ! ರೋಮಿನ ಚಕ್ರವರ್ತಿ ಕೈಸರನ ಖಾನೇಷುಮಾರಿಗಾಗಿ ತುಂಬು ಗರ್ಭಿಣಿಯೊಬ್ಬಳು ಊರು ಬಿಟ್ಟು ಹೋಗಬೇಕಾಯಿತು. ಕೂಸನ್ನು ದೇವಾಲಯಕ್ಕೆ ಕರೆದೊಯ್ದಾಗ ಅರ್ಪಿಸಿದ್ದು ಎರಡು ಹಕ್ಕಿಗಳನ್ನು. ಕುರಿ ತರುವ ಶಕ್ತಿಯಿಲ್ಲದವಳು ಹಾಗೆ ಮಾಡಬಹುದೆಂದು ಯಾಜಕಕಾಂಡದ 12:8 ಹೇಳುತ್ತದೆ. ನಮ್ಮ ಜಿಲ್ಲೆಗಳಿಂದ ಮುಂಬೈಗೆ, ಪುಣೆಗೆ, ಬೆಂಗಳೂರಿಗೆ ಗುಳೆ ಹೋದ ಹೆಣ್ಣುಮಕ್ಕಳು ಕಟ್ಟಡದ ಕೆಲಸದ ಜಾಗದಲ್ಲಿ, ತಗಡಿನ ಶೆಡ್ಡಿನಲ್ಲಿ ಹೆರುವುದನ್ನು ಬಲ್ಲವರಿಗೆ ಇದು ರೂಪಕವಲ್ಲ.

ಹಾಡುಗಳಿಗೆ ಬರೋಣ. ಸಿಸಿಲ್ ಫ್ರಾನ್ಸಿಸ್ ಅಲೆಕ್ಸಾಂಡರ್ ಎಂಬ ಕವಯಿತ್ರಿ 1848ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ ಗೀತೆಗಳಲ್ಲಿ ದಾವೀದನ ಊರಿನ ಕೊಟ್ಟಿಗೆಯನ್ನು ಹಾಡುವ ಪ್ರಸಿದ್ಧ ಗೀತೆಯಿದೆ; ಕೊಟ್ಟಿಗೆ ಅವನ ಆಸರೆ, ಗೋದಲಿ ಅವನ ತೊಟ್ಟಿಲು, ಬಡವರೊಡನೆ, ದೀನರೊಡನೆ ಅವನು ಬದುಕಿದನು. ಅದೇ ಪುಸ್ತಕದ ಇನ್ನೊಂದು ಗೀತೆಯಲ್ಲಿ ಧನಿಕನು ತನ್ನ ಕೋಟೆಯಲ್ಲಿ, ಬಡವನು ಅವನ ಬಾಗಿಲಲ್ಲಿ, ಇಬ್ಬರನ್ನೂ ದೇವರೇ ಹಾಗೆ ನೇಮಿಸಿದನು ಎಂಬರ್ಥದ ಚರಣವಿದೆ. ಎಷ್ಟೋ ಹಾಡಿನ ಪುಸ್ತಕಗಳು ಈಗ ಆ ಚರಣವನ್ನು ಕೈಬಿಟ್ಟಿವೆ. ಗೋದಲಿಯನ್ನು ಅಷ್ಟು ಅಂದವಾಗಿ ಹಾಡಿದ ಲೇಖನಿಯೇ ಬಡವನನ್ನು ಬಾಗಿಲಲ್ಲಿ ನಿಲ್ಲಿಸಿತು! ಕೊಟ್ಟಿಗೆಯ ಹಾಡು ಹಾಡಿದ ಮಾತ್ರಕ್ಕೆ ದೀನರ ಕಡೆಗೆ ಮನಸ್ಸು ತಿರುಗುತ್ತದೆ ಎಂಬ ಭರವಸೆ ನನಗಿಲ್ಲದಿರುವುದು ಇದಕ್ಕಾಗಿಯೇ.

ಗೋದಲಿಯಲ್ಲಿ ಮಲಗಿದ ಕೂಸು ಎಚ್ಚರಗೊಂಡರೂ ಅಳುವುದಿಲ್ಲ ಎನ್ನುವ ಮಕ್ಕಳ ಹಾಡಿನ ಬಗ್ಗೆಯೂ ನನ್ನ ತಕರಾರಿದೆ. ಅದನ್ನು ಲೂಥರ್ ಬರೆದರೆಂದು ಬಹಳ ಕಾಲ ಪ್ರಚಾರವಿತ್ತು. ವಾಸ್ತವವಾಗಿ ಅದು 1880ರ ದಶಕದಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡ ಹಾಡು. ಅಳದ ಕೂಸು ಎಂಥ ಕೂಸು? ಮನುಷ್ಯನಾದವನು ಹಸಿವಾದಾಗ ಅಳಲೇಬೇಕು. ಕೂಸಿನ ಅಳುವನ್ನು ತೆಗೆದುಹಾಕಿದ ಹಾಡು ದೀನತೆಯನ್ನು ಬೊಂಬೆಯಾಟ ಮಾಡುತ್ತದೆ. ಯೇಸುವಿನ ತಾಯಿ ಮರಿಯಳ ಗೀತೆಯನ್ನು ಹಾಡಿ: ಬಲಿಷ್ಠರನ್ನು ಸಿಂಹಾಸನದಿಂದ ಕೆಳಗಿಳಿಸಿ ದೀನರನ್ನು ಎತ್ತಿದನು, ಹಸಿದವರನ್ನು ತೃಪ್ತಿಪಡಿಸಿ ಧನಿಕರನ್ನು ಬರಿಗೈಯಲ್ಲಿ ಕಳುಹಿಸಿದನು. ಲೂಕನ ಸುವಾರ್ತೆಯಲ್ಲಿ ಗೋದಲಿಗಿಂತ ಮೊದಲು ಈ ಹಾಡು ಬರುತ್ತದೆ.

ಉತ್ತರ: ಕನ್ನಡ ಉಪನ್ಯಾಸಕ, ಬಸವಕಲ್ಯಾಣ

ನಾನು ಕ್ರೈಸ್ತನಲ್ಲ, ಆದರೂ ಈ ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ಉಳ್ಳವರು ಶಿವಾಲಯ ಕಟ್ಟುವಾಗ ಬಡವನಾದ ತಾನೇನು ಮಾಡಲಿ ಎಂದು ಬಸವಣ್ಣನವರು ಕೇಳಿದ ನೆಲದಲ್ಲಿರುವ ನಮಗೆ, ದೇವರನ್ನು ಸಿರಿವಂತಿಕೆಯಿಂದ ಬಿಡಿಸಿ ನೋಡುವುದು ಹೊಸದಲ್ಲ. ಎರಡೂ ಒಂದೇ ಎಂದು ಹೇಳುವ ಆಸೆಯಾಗುತ್ತದೆ, ಆದರೆ ಹಾಗೆ ಹೇಳಿದರೆ ಎರಡಕ್ಕೂ ಅನ್ಯಾಯ. ವಚನದಲ್ಲಿ ಬಡವನು ಭಕ್ತ. ಅವನು ತನ್ನ ದೇಹವನ್ನೇ ದೇಗುಲವಾಗಿಸಿ ದೇವರಿಗೆ ಕೊಡುತ್ತಾನೆ. ನೀವು ವಿವರಿಸಿದ ಗೀತೆಗಳಲ್ಲಿ ಬಡವನಾಗುವವನು ದೇವರೇ. ಅಲ್ಲಿ ಭಕ್ತನ ದೈನ್ಯ, ಇಲ್ಲಿ ದೇವರ ದೈನ್ಯ. ನನಗೆ ತಿಳಿದಮಟ್ಟಿಗೆ ಕ್ರಿಸ್ಮಸ್ ಗೀತೆಯ ವಿಶೇಷ ಇಲ್ಲಿದೆ. ಭಾವುಕತೆಯಲ್ಲಿ ಇದು ಕರಗಿಹೋಗದಂತೆ ಪೀಠಿಕೆಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಉತ್ತರ: ನಿವೃತ್ತ ಸಭಾಪಾಲಕ, ಯಾದಗಿರಿ

ಹುಮನಾಬಾದ್‌ನ ಸಹೋದರರ ಆಕ್ಷೇಪದಲ್ಲಿ ಬಲವಿದೆ. ಎರಡು ಹಕ್ಕಿಗಳ ಕಾಣಿಕೆಯನ್ನು ಅವರು ಸರಿಯಾದ ಜಾಗದಲ್ಲಿ ಎತ್ತಿದರು. ಆದರೂ ಒಂದು ಮಾತು: ಇಳಿತದ ಆಳವನ್ನು ಹೇಳದೆ ಬಡತನವನ್ನಷ್ಟೇ ಹಾಡಿದರೆ, ಬಡ ಕೂಸೊಂದು ಬಡತನದಲ್ಲಿ ಹುಟ್ಟಿತು ಎಂದಷ್ಟೇ ಆಗುತ್ತದೆ, ಅದು ಪ್ರತಿದಿನ ನಡೆಯುವ ಸಂಕಟ, ಸುವಾರ್ತೆಯಲ್ಲ. ಐಶ್ವರ್ಯವಂತನಾಗಿದ್ದವನು ನಮಗೋಸ್ಕರ ಬಡವನಾದನು ಎಂದು ಕೊರಿಂಥದವರಿಗೆ ಪೌಲನು ಬರೆದ ಎರಡನೆಯ ಪತ್ರದ 8:9 ಹೇಳುತ್ತದೆ. ಇನ್ನೂ ಗಮನಿಸಬೇಕಾದದ್ದು, ಪೌಲನು ಆ ಮಾತನ್ನು ಬರೆದದ್ದು ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸುವ ಸಂದರ್ಭದಲ್ಲಿ. ಅಂದರೆ ನಿಮ್ಮ ಕಾಳಜಿ, ನನ್ನ ದೈವಶಾಸ್ತ್ರ ಎರಡೂ ಒಂದೇ ವಾಕ್ಯದಲ್ಲಿವೆ.

ಮಕ್ಕಳ ಹಾಡಿನ ವಿಷಯದಲ್ಲಿ ಮಾತ್ರ ನೀವು ಸ್ವಲ್ಪ ಕಟುವಾದಿರಿ. ಸಂಡೇ ಸ್ಕೂಲಿನ ನಾಲ್ಕು ವರ್ಷದ ಮಗುವಿಗೆ ಅಳದ ಕೂಸಿನಿಂದ ಯಾವ ಪಾಷಂಡವಾದವೂ ಅಂಟುವುದಿಲ್ಲ.

ಪ್ರತಿಕ್ರಿಯೆ: ಗಾಯನ ತಂಡದ ಸದಸ್ಯೆ, ಬೀದರ್

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಓದಿದ ಮೇಲೆ ನಮ್ಮ ಪಟ್ಟಿಯನ್ನು ಮತ್ತೆ ನೋಡಿದೆ. ಲೋಕಕ್ಕೆ ಆನಂದವೆನ್ನುವ, ಐಸಾಕ್ ವಾಟ್ಸ್ ಅವರ 1719ರ ಗೀತೆಯಲ್ಲಿ ಗೋದಲಿಯಾಗಲಿ ಕೂಸಾಗಲಿ ಇಲ್ಲ. ಅದು 98ನೇ ಕೀರ್ತನೆಯನ್ನು ಆಧರಿಸಿದ್ದು. ಪ್ರಶಾಂತ ರಾತ್ರಿಯ ಆಸ್ಟ್ರಿಯಾದ ಹಾಡಿನಲ್ಲಿ ತಾಯಿಯೂ ಕೂಸೂ ಇದ್ದರೂ ಗೋದಲಿ ಕಾಣುವುದಿಲ್ಲ. ನಾವು ಅತಿ ಹೆಚ್ಚು ಹಾಡುವ ಹಾಡುಗಳಲ್ಲಿಯೇ ದೀನತೆಯ ಮಾತು ಇಷ್ಟು ಕಡಿಮೆಯಿರುವುದನ್ನು ಕಂಡಮೇಲೆ, ಬಡತನದ ಹಾಡು ಅತಿಯಾಯಿತು ಎಂಬ ಯುವಕರ ದೂರಿಗೆ ಉತ್ತರ ಸಿಕ್ಕಿತು.

ಈಗ ಯೋಚಿಸಿರುವ ಕ್ರಮ ಹೀಗಿದೆ: ಮೊದಲು ಮರಿಯಳ ಗೀತೆಯನ್ನು ಹಾರ್ಮೋನಿಯಂ, ತಬಲಾದೊಡನೆ ಭಜನೆಯ ಧಾಟಿಯಲ್ಲಿ ಹಾಡುವುದು, ಬಳಿಕ ಲೂಕ 2ರ ವಾಚನ, ನಂತರ ದಾವೀದನ ಊರಿನ ಗೀತೆ, ಕೊನೆಗೆ ವೆಸ್ಲಿಯವರ ಗೀತೆಯನ್ನು ಮಧ್ಯದ ಚರಣ ಬಿಡದೆ ಹಾಡುವುದು. ಅಳದ ಕೂಸಿನ ಹಾಡನ್ನು ಸಂಡೇ ಸ್ಕೂಲಿನ ಮಕ್ಕಳು ಈಗಾಗಲೇ ಕಲಿತುಬಿಟ್ಟಿದ್ದಾರೆ, ಅದನ್ನು ತೆಗೆಯಲು ಮನಸ್ಸಾಗುತ್ತಿಲ್ಲ. ಅದಕ್ಕೆ ಮೊದಲು ಸೆಡೂಲಿಯಸ್‌ನ ಹಾಲಿನ ಸಾಲನ್ನು ಪೀಠಿಕೆಯಾಗಿ ಓದಿದರೆ ಆಕ್ಷೇಪಕ್ಕೆ ಸ್ವಲ್ಪ ಸಮಾಧಾನವಾದೀತೇ?

ಉತ್ತರ: ಒಬ್ಬ ಓದುಗ, ಹುಮನಾಬಾದ್

ಪೂರ್ತಿ ಸಮಾಧಾನವಾಗದು, ಆದರೆ ಮಕ್ಕಳು ಕಲಿತ ಹಾಡನ್ನು ನಿಲ್ಲಿಸಿರೆಂದು ನಾನೂ ಹೇಳಲಾರೆ. ಹಾಲಿನ ಸಾಲನ್ನು ಓದಿಸಿ. ಕಾಣಿಕೆಯ ಹೊತ್ತಿಗೆ ಕೊರಿಂಥದವರಿಗೆ ಬರೆದ ಆ ವಚನವನ್ನೂ ಓದಿಸಿ, ಅಂದಿನ ಕಾಣಿಕೆ ಯಾರಿಗೆ ಹೋಗುತ್ತದೆಂಬುದನ್ನು ಅಲ್ಲಿಯೇ ಪ್ರಕಟಿಸಲು ನಿಮ್ಮ ಸಭೆಯ ಹಿರಿಯರನ್ನು ಕೇಳಿನೋಡಿ.